ಮನೆಯಲ್ಲೇ ಟ್ರ್ಯಾಕ್ ಟ್ರ್ಯಾಕಾಗಿ ಹಾಡು ಮುದ್ರಿಸಲು ಮೊದಲು ಏನು ಕೊಳ್ಳಬೇಕು, ಆಮೇಲೆ ಏನು?

ಪ್ರಶ್ನೆ: ಶಿರಸಿಯಲ್ಲಿ ನಮ್ಮದೊಂದು ಸುಗಮ ಸಂಗೀತದ ಚಿಕ್ಕ ತಂಡವಿದೆ. ನಾನು ಹಾರ್ಮೋನಿಯಂ ನುಡಿಸುತ್ತಾ ಹಾಡುತ್ತೇನೆ. ಒಬ್ಬರು ತಬಲಾ, ಒಬ್ಬರು ಕೊಳಲು, ಇಬ್ಬರು ಕೋರಸ್. ಇಷ್ಟು ದಿನ ಮೊಬೈಲನ್ನು ನಡುವೆ ಇಟ್ಟು ರೆಕಾರ್ಡ್ ಮಾಡುತ್ತಿದ್ದೆವು. ತಬಲಾ ಉಳಿದದ್ದನ್ನೆಲ್ಲ ನುಂಗಿಬಿಡುತ್ತದೆ. ಒಂದೊಂದು ವಾದ್ಯವನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಮುದ್ರಿಸಬೇಕೆಂಬ ಆಸೆ. 8 ಜಿಬಿ ರ‍್ಯಾಮಿನ ವಿಂಡೋಸ್ ಲ್ಯಾಪ್‌ಟಾಪ್, ಕಾರ್ಯಕ್ರಮಕ್ಕೆ ಬಳಸುವ 2 ಡೈನಮಿಕ್ ಮೈಕ್, ಕೈಯಲ್ಲಿ 40,000 ರೂಪಾಯಿ ಇದೆ. ಅಂಗಡಿಯವರು ಯುಎಸ್‌ಬಿ ಇರುವ 12 ಚಾನೆಲ್ ಮಿಕ್ಸರ್ ಒಯ್ಯಿರಿ ಎನ್ನುತ್ತಾರೆ. ಮಾವನ ಮನೆಯಲ್ಲಿ 4 ಟ್ರ್ಯಾಕಿನ ಹಳೆಯ ಕ್ಯಾಸೆಟ್ ಯಂತ್ರವೂ ಅದರಲ್ಲಿ ಅವರು ಮುದ್ರಿಸಿದ ಹತ್ತು ಕ್ಯಾಸೆಟ್ಟುಗಳೂ ಇವೆ. ಅದರಿಂದಲೇ ಶುರು ಮಾಡಬಹುದೇ? ಮುಂದೆ ಯಾವ ಕ್ರಮದಲ್ಲಿ ಸಲಕರಣೆ ಹೆಚ್ಚಿಸಬೇಕು?

ಉತ್ತರ: ಮೊದಲು ಮಿಕ್ಸರಿನ ವಿಷಯ ಮುಗಿಸೋಣ. ಹೆಚ್ಚು ಜನ ದುಡ್ಡು ಕಳೆದುಕೊಳ್ಳುವುದು ಅಲ್ಲೇ. 12 ಚಾನೆಲ್ ಇದೆ, ಯುಎಸ್‌ಬಿಯೂ ಇದೆ ಎಂದ ಮಾತ್ರಕ್ಕೆ 12 ಮೈಕಿನ ದನಿ ಬೇರೆ ಬೇರೆಯಾಗಿ ಲ್ಯಾಪ್‌ಟಾಪಿಗೆ ಹೋಗುತ್ತದೆ ಎಂದಲ್ಲ. ಕಡಿಮೆ ಬೆಲೆಯ ಬಹುತೇಕ ಯುಎಸ್‌ಬಿ ಮಿಕ್ಸರುಗಳು ಎಲ್ಲವನ್ನೂ ಒಳಗೇ ಬೆರೆಸಿ, ಎಡ ಮತ್ತು ಬಲ ಎಂಬ 2 ಚಾನೆಲ್ ಮಾತ್ರ ಕಳಿಸುತ್ತವೆ. ಕುದ್ದ ಸಾರಿನಿಂದ ಉಪ್ಪನ್ನು ಹಿಂದಕ್ಕೆ ತೆಗೆಯಲಾದೀತೇ? ಹಾಗೆಯೇ ಬೆರೆತ ಮೇಲೆ ತಬಲಾವನ್ನು ತಗ್ಗಿಸಲು ಬರುವುದಿಲ್ಲ. ನಿಮ್ಮ ಮೊಬೈಲಿನ ಸಮಸ್ಯೆಯೇ ಹೊಸ ಪೆಟ್ಟಿಗೆಯಲ್ಲಿ ಮರಳಿ ಬರುತ್ತದೆ. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಯುಎಸ್‌ಬಿ ಮೂಲಕ ಏಕಕಾಲಕ್ಕೆ ಎಷ್ಟು ಚಾನೆಲ್ ಬಿಡಿಬಿಡಿಯಾಗಿ ಹೋಗುತ್ತವೆ? ಬೆಹ್ರಿಂಗರ್ ಎಕ್ಸ್‌ಆರ್18ರಂಥ ಡಿಜಿಟಲ್ ಮಿಕ್ಸರಿನಲ್ಲಿ 18 ಹೋಗುತ್ತವೆ. ನಿಮಗೆ ತೋರಿಸಿದ್ದರಲ್ಲಿ 2 ಇರುವ ಸಂಭವವೇ ಹೆಚ್ಚು.

ಲ್ಯಾಪ್‌ಟಾಪ್ ಬೇಡದೆ ಎಸ್‌ಡಿ ಕಾರ್ಡಿಗೆ ಮುದ್ರಿಸುವ ಯಂತ್ರಗಳಲ್ಲೂ ಇದೇ ಎಚ್ಚರ ಬೇಕು. ಟ್ಯಾಸ್ಕಾಮ್ ಡಿಪಿ-03ಎಸ್‌ಡಿ 8 ಟ್ರ್ಯಾಕಿನದು, ಆದರೆ ಒಮ್ಮೆಗೆ ಮುದ್ರಿಸುವುದು 2 ಮಾತ್ರ. ಡಿಪಿ-24ಎಸ್‌ಡಿಯಲ್ಲಿ 24 ಟ್ರ್ಯಾಕ್, ಒಮ್ಮೆಗೆ 8. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿರುವುದು ಮೊದಲನೆಯ ಸಂಖ್ಯೆ. ನಿಮಗೆ ಬೇಕಾದದ್ದು ಎರಡನೆಯದು.

ಮಾವನ ಕ್ಯಾಸೆಟ್ ಯಂತ್ರದಿಂದ ಶುರು ಮಾಡಬೇಡಿ. ಆದರೆ ಅದನ್ನು ಮೂಲೆಗೂ ತಳ್ಳಬೇಡಿ, ಅದಕ್ಕೆ ಬೇರೊಂದು ಕೆಲಸವಿದೆ. 1979ರಲ್ಲಿ ಜಪಾನಿನ ಟಿಯಾಕ್ ಕಂಪನಿ ಪೋರ್ಟಾಸ್ಟುಡಿಯೊ 144 ಎಂಬ ಯಂತ್ರ ತಂದಾಗ ಮನೆಯಲ್ಲಿ ಕೂತು ಟ್ರ್ಯಾಕ್ ಮೇಲೆ ಟ್ರ್ಯಾಕ್ ಏರಿಸುವುದು ಸಾಮಾನ್ಯ ಸಂಗೀತಗಾರನ ಕೈಗೆಟುಕಿತು. ಸಾಮಾನ್ಯ ಕ್ಯಾಸೆಟ್ಟಿನ ಎ ಬದಿಯ 2 ಮತ್ತು ಬಿ ಬದಿಯ 2 ಜಾಡುಗಳನ್ನು ಒಂದೇ ದಿಕ್ಕಿನಲ್ಲಿ ಓಡಿಸಿ 4 ಟ್ರ್ಯಾಕ್ ಮಾಡುವುದು ಅದರ ಯುಕ್ತಿ. ಟೇಪಿನ ವೇಗವೂ ಇಮ್ಮಡಿ, ಸೆಕೆಂಡಿಗೆ ಸುಮಾರು 9.5 ಸೆಂಟಿಮೀಟರ್. ಹಾಗಾಗಿ 60 ನಿಮಿಷದ ಕ್ಯಾಸೆಟ್ಟಿನಲ್ಲಿ ಸಿಗುತ್ತಿದ್ದದ್ದು 15 ನಿಮಿಷ. ಐದನೆಯ ವಾದ್ಯ ಬೇಕೆಂದರೆ ಮೊದಲ ಮೂರನ್ನು ನಾಲ್ಕನೆಯ ಟ್ರ್ಯಾಕಿಗೆ ಬೆರೆಸಿ ಇಳಿಸಬೇಕು. ಇಳಿಸಿದ ಮೇಲೆ ಆ ಮೂರರ ಅಳತೆ ಬದಲಿಸಲಾಗದು, ಪ್ರತಿ ಇಳಿಕೆಗೂ ಟೇಪಿನ ಸುಂಯ್‌ಗುಡುವಿಕೆ ಕೂಡಿಕೊಳ್ಳುತ್ತದೆ. ಇಂದು ಆ ಇಕ್ಕಟ್ಟಿನ ಅಗತ್ಯವಿಲ್ಲ. ಹೊಸ ಕ್ಯಾಸೆಟ್ ಹುಡುಕಿ, ಬೆಲ್ಟ್ ಹಾಕಿಸಿ, ಹೆಡ್ ತಿಕ್ಕುವಷ್ಟರಲ್ಲಿ ಒಂದು ಇಂಟರ್‌ಫೇಸಿನ (ಮೈಕುಗಳ ದನಿಯನ್ನು ಬಿಡಿಬಿಡಿಯಾಗಿ ಲ್ಯಾಪ್‌ಟಾಪಿಗೆ ಕಳಿಸುವ ಪೆಟ್ಟಿಗೆಯ) ಅರ್ಧ ದುಡ್ಡು ಹೋಗಿರುತ್ತದೆ.

ಈಗ 40,000 ರೂಪಾಯಿಯ ಲೆಕ್ಕ. "ಮೊದಲ ಇಂಟರ್‌ಫೇಸ್ 2 ಮೈಕಿನದು ಸಾಕು" ಎಂಬ ಮಾತು ಎಲ್ಲೆಡೆ ಕೇಳುತ್ತದೆ. ಗಿಟಾರ್ ಹಿಡಿದು ಒಬ್ಬರೇ ಹಾಡುವವರಿಗೆ ಅದು ಸರಿ. ತಬಲಾ ಇರುವ ತಂಡಕ್ಕೆ ಸರಿಯಲ್ಲ, ಏಕೆಂದರೆ ತಬಲಾ ಒಂದೇ 2 ಮೈಕ್ ಕೇಳುತ್ತದೆ: ಬಲಗೈಯದಕ್ಕೊಂದು, ಎಡಗೈಯ ಡಗ್ಗಾಕ್ಕೊಂದು. ಹಾಡುವವರಿಗೆ ಕಿಂಡಿಯೇ ಉಳಿಯದೆ ತಬಲಾದವರು ಬರೀ ಮೆಟ್ರೊನೋಮಿಗೆ ನುಡಿಸಬೇಕಾಗುತ್ತದೆ. ಹಾಡಿನ ಉಸಿರಿಗೆ ಕಾಯುವ, ಸಾಲು ಮುಗಿಯುವಲ್ಲಿ ಒಂದು ತುಣುಕು ಹಾಕಿ ಸಮ್‌ಗೆ ಬರುವ ನುಡಿಸಾಣಿಕೆ ಆಗ ಸತ್ತುಹೋಗುತ್ತದೆ. ಆದ್ದರಿಂದ 4 ಮೈಕ್ ಪ್ರೀಆಂಪ್ (ಮೈಕಿನ ಸಣ್ಣ ದನಿಯನ್ನು ಹಿಗ್ಗಿಸುವ ಭಾಗ) ಇರುವ ಇಂಟರ್‌ಫೇಸನ್ನೇ ತೆಗೆದುಕೊಳ್ಳಿ. ಇಲ್ಲೂ ಎಡವುವ ಜಾಗವೊಂದಿದೆ: ಹೆಸರಿನಲ್ಲಿ 4 ಇದ್ದರೆ 4 ಮೈಕ್ ಎಂದಲ್ಲ. ಫೋಕಸ್‌ರೈಟ್ ಸ್ಕಾರ್ಲೆಟ್ 4ಐ4ನಲ್ಲಿ ಮೈಕ್ ಪ್ರೀಆಂಪ್ ಇರುವುದು 2; ಉಳಿದ 2 ಕಿಂಡಿ ಕೀಬೋರ್ಡಿನಂಥ ಲೈನ್ ಮಟ್ಟದ ದನಿಗೆ. ಬೆಹ್ರಿಂಗರ್ ಯುಎಂಸಿ404ಎಚ್‌ಡಿ, ಆಡಿಯೆಂಟ್ ಇವೊ 8 ಇವುಗಳಲ್ಲಿ ನಿಜವಾಗಿ 4 ಇವೆ. ಎಕ್ಸ್‌ಎಲ್‌ಆರ್ ಕಿಂಡಿ (ಮೈಕ್ ಕೇಬಲಿನ 3 ಪಿನ್ನಿನ ದುಂಡು ಕಿಂಡಿ) ಎಷ್ಟಿವೆ ಎಂದು ಎಣಿಸಿ ನೋಡುವುದೇ ಸುಲಭದ ಪರೀಕ್ಷೆ.

ಇಂಟರ್‌ಫೇಸಿಗೆ 18,000ದ ಒಳಗೆ ಖರ್ಚು ಮಾಡಿ. ಒಂದು ದೊಡ್ಡ ಡಯಾಫ್ರಮ್ಮಿನ (ದನಿ ಹಿಡಿಯುವ ತೆಳುಪೊರೆಯ) ಕಂಡೆನ್ಸರ್ ಮೈಕಿಗೆ, ಅಂದರೆ ಸೂಕ್ಷ್ಮ ದನಿಯನ್ನೂ ಹಿಡಿಯುವ ಮೈಕಿಗೆ, 8,000. ದನಿ, ಕೊಳಲು, ಹಾರ್ಮೋನಿಯಂ ಮೂರಕ್ಕೂ ಅದೇ ಸಾಗುತ್ತದೆ. ತಬಲಾಕ್ಕೆ ನಿಮ್ಮ ವೇದಿಕೆಯ ಡೈನಮಿಕ್ ಮೈಕುಗಳೇ ಆದೀತು, ಹೊಸದು ಬೇಡ. ಕಿವಿಯನ್ನು ಪೂರ್ತಿ ಮುಚ್ಚುವ ಒಂದು ಒಳ್ಳೆಯ ಹೆಡ್‌ಫೋನಿಗೆ 4,000. ಉಳಿದವರಿಗೆ ಸದ್ಯಕ್ಕೆ ಮೊಬೈಲಿನ ತಂತಿಯ ಇಯರ್‌ಫೋನ್. ಒಂದೇ ದನಿಯನ್ನು ನಾಲ್ವರಿಗೆ ಹಂಚುವ ಹೆಡ್‌ಫೋನ್ ಆಂಪ್ಲಿಫೈಯರಿಗೆ 2,500. ಮೂರು ಸ್ಟ್ಯಾಂಡಿಗೆ 3,000, ಮೂರು ಎಕ್ಸ್‌ಎಲ್‌ಆರ್ ಕೇಬಲಿಗೆ 2,000, ಬಾಯಿಯ ಗಾಳಿ ಮೈಕಿಗೆ ಬಡಿಯದಂತೆ ತಡೆಯುವ ಪಾಪ್ ಫಿಲ್ಟರಿಗೆ 500. ಉಳಿದ 2,000ವನ್ನು ಕೋಣೆಗೆ ತೆಗೆದಿಡಿ, ಬೇರೆಯದಕ್ಕೆ ಮುಟ್ಟಬೇಡಿ. ಬೆಂಗಳೂರಿಗೆ ಹೋಗುವವರಿದ್ದರೆ ಎಸ್.ಪಿ. ರಸ್ತೆಯಲ್ಲಿ ಕೇಬಲ್, ಕನೆಕ್ಟರ್ ಬಿಡಿಯಾಗಿ ತರಿಸಿ ಬೆಸುಗೆ ಹಾಕಿಕೊಳ್ಳಬಹುದು: 1ನೇ ಪಿನ್ನಿಗೆ ಹೊರಜಾಳಿಗೆ, 2 ಮತ್ತು 3ಕ್ಕೆ ಒಳಗಿನ ಎರಡು ತಂತಿ, ಎರಡೂ ತುದಿಯಲ್ಲಿ ಅದೇ ಬಣ್ಣ ಅದೇ ಪಿನ್ನಿಗೆ. ಒಂದು ತುದಿಯಲ್ಲಿ 2 ಮತ್ತು 3 ಅದಲುಬದಲಾದರೂ ದನಿ ಬರುತ್ತದೆ. ಆದರೆ ಎರಡು ಮೈಕ್ ಕೂಡಿದಾಗ ಡಗ್ಗಾದ ಗುಂಕಾರ ಮಾಯವಾಗುತ್ತದೆ, ಕಾರಣ ಹುಡುಕುತ್ತಾ ಒಂದು ದಿನ ಕಳೆಯುತ್ತದೆ.

ಯುಎಸ್‌ಬಿ ಮೈಕ್ ಬೇಡ. ಒಬ್ಬರ ಮಾತಿಗೆ ಅದು ಸಾಕು. ಎರಡನ್ನು ಒಟ್ಟಿಗೆ ಜೋಡಿಸಿದರೆ ಪ್ರತಿಯೊಂದರೊಳಗೂ ತನ್ನದೇ ಗಡಿಯಾರವಿರುವುದರಿಂದ ಹಾಡು ಮುಗಿಯುವಷ್ಟರಲ್ಲಿ ಎರಡು ಟ್ರ್ಯಾಕ್ ಮೆಲ್ಲಗೆ ಬೇರೆಯಾಗುತ್ತವೆ. ಬ್ಲೂಟೂತ್ ಹೆಡ್‌ಫೋನಂತೂ ಬೇಡವೇ ಬೇಡ: ದನಿ ಕಿವಿ ಸೇರಲು ನೂರು ಮಿಲಿಸೆಕೆಂಡಿಗೂ ಹೆಚ್ಚು ತಡವಾಗುತ್ತದೆ, ಅದನ್ನು ಕೇಳಿ ನುಡಿಸಿದ್ದೆಲ್ಲ ತಾಳದ ಹಿಂದೆ ಬೀಳುತ್ತದೆ. ಪಾಡ್‌ಕಾಸ್ಟಿನವರ ಮುಂದೆ ಕಾಣುವ ಶೂರ್ ಎಸ್‌ಎಂ7ಬಿ ಮೈಕಿಗೂ ಆಸೆಪಡಬೇಡಿ. ಅದಕ್ಕೆ ಕನಿಷ್ಠ 60 ಡೆಸಿಬೆಲ್ ಗೇನ್ (ದನಿಯನ್ನು ಹಿಗ್ಗಿಸುವ ಪ್ರಮಾಣ) ಬೇಕು. ಅಗ್ಗದ ಇಂಟರ್‌ಫೇಸಿನಲ್ಲಿ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದಾಗ ದನಿಯ ಜೊತೆ ಸುಂಯ್ ಎಂಬುದೂ ಏರುತ್ತದೆ.

ತಂತ್ರಾಂಶಕ್ಕೆ ರೀಪರ್ ಹಾಕಿಕೊಳ್ಳಿ. 60 ದಿನ ಯಾವ ಕೊರತೆಯೂ ಇಲ್ಲದೆ ಪರೀಕ್ಷೆಗೆ ಸಿಗುತ್ತದೆ, ವೈಯಕ್ತಿಕ ಬಳಕೆಯ ಪರವಾನಗಿ 60 ಡಾಲರ್. 8 ಜಿಬಿ ರ‍್ಯಾಮಿನ ಲ್ಯಾಪ್‌ಟಾಪಿಗೆ ಅದು ಭಾರವಲ್ಲ. ಡಿಸ್ಕ್ ಮಾತ್ರ ಎಸ್‌ಎಸ್‌ಡಿ ಆಗಿರಲಿ. 24 ಬಿಟ್, 48 ಕಿಲೋಹರ್ಟ್ಸಿನಲ್ಲಿ (ಸೆಕೆಂಡಿಗೆ 48,000 ಸ್ಯಾಂಪಲ್, ಅಂದರೆ ದನಿಯ ಅಳತೆ) ಒಂದು ಮೋನೋ ಟ್ರ್ಯಾಕ್ ನಿಮಿಷಕ್ಕೆ ಸುಮಾರು 8.6 ಎಂಬಿ ನುಂಗುತ್ತದೆ. 5 ನಿಮಿಷದ ಹಾಡಿಗೆ 8 ಟ್ರ್ಯಾಕ್ ಎಂದರೆ 350 ಎಂಬಿಯ ಹತ್ತಿರ, ಅದೂ ಪ್ರತಿ ಟೇಕಿಗೆ. ಹಾಡು ಮುಗಿದ ದಿನವೇ ಇನ್ನೊಂದು ಡಿಸ್ಕಿಗೆ ನಕಲು ಮಾಡಿ.

ಇನ್ನು ಕೋಣೆ. ಇಲ್ಲಿ ನಿಧಾನವಾಗಿ ಓದಿ, ಏಕೆಂದರೆ ಕೇಳುವವರ ಕಿವಿಗೆ 8,000ದ ಮೈಕಿಗೂ 30,000ದ ಮೈಕಿಗೂ ಇರುವ ವ್ಯತ್ಯಾಸಕ್ಕಿಂತ ಖಾಲಿ ಕೋಣೆಗೂ ಹೊದಿಕೆಯ ಕೋಣೆಗೂ ಇರುವ ವ್ಯತ್ಯಾಸ ದೊಡ್ಡದು. ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಹಿಂದೆಯೇ ಟರ್ರ್ ಎಂದು ದನಿ ನಡುಗಿದರೆ ಎದುರುಬದುರಿನ ಬರಿಗೋಡೆಗಳ ನಡುವೆ ಅದು ಚೆಂಡಿನಂತೆ ಓಡಾಡುತ್ತಿದೆ ಎಂದರ್ಥ. ಹೆಂಚಿನ ಮಾಡು, ಅದರ ಕೆಳಗೆ ಮರದ ಅಡ್ಡೆಗಳು ಇರುವ ಕೋಣೆ ಮನೆಯಲ್ಲಿದ್ದರೆ ಸಪಾಟು ಆರ್‌ಸಿಸಿ ಛಾವಣಿಯ ಕೋಣೆ ಬಿಟ್ಟು ಅದನ್ನೇ ಆರಿಸಿ. ಇಳಿಜಾರಿನ ಮಾಡು ದನಿಯನ್ನು ಚದುರಿಸುತ್ತದೆ, ಹೆಂಚಿನ ಸಂದಿಯಿಂದ ಒಂದಿಷ್ಟು ಹೊರಗೂ ಹೋಗುತ್ತದೆ. ಬೆಲೆ ತೆರಬೇಕಾದ್ದು ಮಳೆಗಾಲದಲ್ಲಿ: ಜೂನಿನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮೆಲುದನಿಯ ಹಾಡು ಮುದ್ರಿಸುವ ಮಾತೇ ಇಲ್ಲ.

ನೆಲಕ್ಕೆ ದಪ್ಪ ಜಮಖಾನ ಹಾಸಿ. ಹತ್ತಿಯ ರಜಾಯಿಯನ್ನು ಹಾಡುವವರ ಬೆನ್ನ ಹಿಂದೆ ತೂಗುಹಾಕಿ. ಬಹಳ ಜನ ಮೈಕಿನ ಹಿಂದೆ ಸ್ಪಂಜು ಅಂಟಿಸುತ್ತಾರೆ. ಕಾರ್ಡಿಯಾಯ್ಡ್ ಮೈಕಿಗೆ, ಅಂದರೆ ಎದುರಿನ ದನಿಯನ್ನೇ ಹೆಚ್ಚು ಹಿಡಿಯುವ ಮೈಕಿಗೆ, ಹಿಂದಿನದು ಮೊದಲೇ ಕಡಿಮೆ ಕೇಳಿಸುತ್ತದೆ. ಅದು ನೋಡುತ್ತಿರುವುದು ಹಾಡುವವರನ್ನು ಮತ್ತು ಅವರ ಹಿಂದಿನ ಗೋಡೆಯನ್ನು. ಮೊಟ್ಟೆಯ ಟ್ರೇ ಅಂಟಿಸಿ ಪ್ರಯೋಜನವಿಲ್ಲ, ತೆಳು ರಟ್ಟು ಮಂದ್ರದ ದನಿಗೆ ಲೆಕ್ಕಕ್ಕೇ ಇಲ್ಲ. ಕೋಣೆ 10 ಅಡಿ ಅಗಲವಿದ್ದರೆ ಆ ಎರಡು ಗೋಡೆಗಳ ನಡುವೆ 56 ಹರ್ಟ್ಸ್ ಮತ್ತು ಅದರ ಇಮ್ಮಡಿ 112 ಹರ್ಟ್ಸಿನ ದನಿ ಅಲ್ಲಲ್ಲೇ ನಿಂತು ಊದಿಕೊಳ್ಳುತ್ತದೆ. ಡಗ್ಗಾದ ಕೆಲವು ಪೆಟ್ಟು ಗುಡುಗಿ ಕೆಲವು ಕೇಳದೇ ಹೋಗುವುದು ಇದರಿಂದ. ಉದ್ದವೂ 10 ಅಡಿಯೇ ಇದ್ದರೆ ತೊಂದರೆ ಇಮ್ಮಡಿ. ಆಗ ತಬಲಾದವರನ್ನು ಕೋಣೆಯ ನಟ್ಟನಡುವೆಯೂ ಮೂಲೆಯಲ್ಲೂ ಕೂರಿಸದೆ ಒಂದೊಂದು ಅಡಿ ಸರಿಸಿ ಕೇಳಿ ನೋಡಿ.

ಕರೆಂಟಿನ ಗುಂಯ್‌ಗುಡುವಿಕೆ ಹೊಸಬರನ್ನು ಬಹಳ ಕಾಡುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸಿನದು; ಮಂದ್ರದಲ್ಲಿ ಒಂದೇ ಶ್ರುತಿಯಲ್ಲಿ ಹಮ್ ಕೇಳಿದರೆ ಅದು ಅರ್ಥಿಂಗಿನ ಸಮಸ್ಯೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಹಮ್ ನಿಂತರೆ ಕಳ್ಳ ಸಿಕ್ಕಿದಂತೆ: ಎಲ್ಲ ಸಲಕರಣೆಯನ್ನೂ 3 ಪಿನ್ನಿನ ಒಂದೇ ಬೋರ್ಡಿಗೆ ಜೋಡಿಸಿ. ಅರ್ಥ್ ಪಿನ್ ಮುರಿದು ಹಮ್ ನಿಲ್ಲಿಸುವ ಕೆಲಸಕ್ಕೆ ಮಾತ್ರ ಹೋಗಬೇಡಿ. ಹೆಡ್‌ಫೋನ್ ಹಾಕಿಕೊಂಡು ಲೋಹದ ಮೈಕಿಗೆ ತುಟಿ ತಾಗಿಸುವವರ ಜೀವದ ಪ್ರಶ್ನೆ ಅದು. ಹಮ್ಮಿಗಿಂತ ಚೂಪಾದ, ಜೀರುಂಡೆಯಂಥ ಸದ್ದಿದ್ದರೆ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರನ್ನೋ ಇನ್ವರ್ಟರನ್ನೋ ಅನುಮಾನಿಸಿ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಮುದ್ರಣ ಮಾಡಲೇಬೇಡಿ. ಕರೆಂಟು ಹೋದರೆ ಚಹಾ ಕುಡಿದು ಕಾಯುವುದೇ ಒಳ್ಳೆಯದು.

ಶಿರಸಿಯ ಗಾಳಿಗೆ ಒಂದು ಮಾತು. ಕಂಡೆನ್ಸರ್ ಮೈಕಿಗೆ ತೇವವೇ ಶತ್ರು. ಒಳಗೆ ಪಸೆ ಕೂತರೆ ಚಟಪಟ ಸದ್ದು ಬರುತ್ತದೆ, ಮೈಕ್ ಕೆಟ್ಟಿತೆಂದು ಜನ ಬಿಸಾಡುತ್ತಾರೆ. ಕೆಲಸ ಮುಗಿದ ಕೂಡಲೇ ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಪೊಟ್ಟಣದ ಕಾಳು ಬಣ್ಣ ಬದಲಿಸಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು.

ಮುದ್ರಣಕ್ಕೆ ಕೂರುವ ಮುನ್ನ ಶ್ರುತಿ. ನಿಮ್ಮ ಹಾರ್ಮೋನಿಯಂ ಕೀಬೋರ್ಡಿನ 440ಕ್ಕೆ ಸರಿಯಾಗಿ ನಿಂತಿರಬೇಕೆಂದಿಲ್ಲ. 442, 444 ಆಗಿರುವುದು ಸಾಮಾನ್ಯ. ಟ್ಯೂನರ್ ಆ್ಯಪಿನಲ್ಲಿ ಎಲ್ಲ ಸ್ವರ ಅಳೆದು ಬರೆದಿಡಿ. ನಾಳೆ ಯಾರೋ ಕೀಬೋರ್ಡಿನಲ್ಲಿ ತಂತಿವಾದ್ಯದ ಹಿನ್ನೆಲೆ ಸೇರಿಸಿದರೆ ಕೀಬೋರ್ಡಿನ ಟ್ಯೂನಿಂಗನ್ನು ಹಾರ್ಮೋನಿಯಂಗೆ ಹೊಂದಿಸಬೇಕೇ ಹೊರತು ತಿರುಗಾಮುರುಗಾ ಅಲ್ಲ, ರೀಡನ್ನು ಹೆರೆದು ಶ್ರುತಿ ಬದಲಿಸುವುದು ಒಂದು ದಿನದ ಕೆಲಸವಲ್ಲ. ಕೊಳಲು ಬಿಸಿಯಾದಂತೆ ಶ್ರುತಿ ಏರುತ್ತದೆ, ಮುದ್ರಣಕ್ಕೆ ಮುಂಚೆ ಐದು ನಿಮಿಷ ಊದಿ ಬೆಚ್ಚಗಾಗಿಸಲಿ. ತಬಲಾವನ್ನು ಪ್ರತಿ ಟೇಕಿನ ನಡುವೆ ಷಡ್ಜಕ್ಕೆ ತಾಳೆ ನೋಡಿ. ತೇವದ ದಿನ ಚರ್ಮ ಸಡಿಲಾಗಿ ಅರ್ಧ ಗಂಟೆಯಲ್ಲೇ ಇಳಿದಿರುತ್ತದೆ.

ರೀಪರಿನಲ್ಲಿ ಹೊಸ ಪ್ರಾಜೆಕ್ಟ್ ತೆರೆದು 48 ಕಿಲೋಹರ್ಟ್ಸ್, 24 ಬಿಟ್ ಆರಿಸಿ. ಇಂಟರ್‌ಫೇಸ್ ಕಂಪನಿಯ ಸ್ವಂತ ಎಎಸ್‌ಐಓ ಡ್ರೈವರ್ (ದನಿಯನ್ನು ಕಡಿಮೆ ತಡದಲ್ಲಿ ಸಾಗಿಸುವ ತಂತ್ರಾಂಶ) ಹಾಕಿ. ವಿಂಡೋಸಿನ ಮಾಮೂಲಿ ಡ್ರೈವರಿನಲ್ಲಿ ತಡ ಹೆಚ್ಚು. ಬಫರ್ (ಲ್ಯಾಪ್‌ಟಾಪ್ ಒಮ್ಮೆಗೆ ತೆಗೆದುಕೊಳ್ಳುವ ದನಿಯ ತುಣುಕು) 128ರಲ್ಲಿಡಿ. 48 ಕಿಲೋಹರ್ಟ್ಸಿನಲ್ಲಿ 128 ಸ್ಯಾಂಪಲ್ ಎಂದರೆ 2.7 ಮಿಲಿಸೆಕೆಂಡ್, 512 ಎಂದರೆ 10.7. ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ ಈ ತಡ ಸೇರುತ್ತದೆ. ಅದಕ್ಕಾಗಿಯೇ ಇಂಟರ್‌ಫೇಸಿನ ಮೇಲೆ ಡೈರೆಕ್ಟ್ ಮಾನಿಟರ್ ಎಂಬ ಗುಂಡಿ ಇರುವುದು: ನಿಮ್ಮ ದನಿ ಕಂಪ್ಯೂಟರಿಗೆ ಹೋಗಿ ಬರದೆ ನೇರ ಕಿವಿಗೆ ಬರುತ್ತದೆ. ಅದನ್ನು ಹಾಕಿದಾಗ ರೀಪರಿನ ಟ್ರ್ಯಾಕಿನಲ್ಲಿರುವ ಮಾನಿಟರ್ ಗುಂಡಿಯನ್ನು ಆಫ್ ಮಾಡಿ. ಎರಡೂ ಇದ್ದರೆ ದನಿ ಕೊಳವೆಯೊಳಗಿಂದ ಬಂದಂತೆ ಇಬ್ಬಗೆಯಾಗುತ್ತದೆ.

ತಾಳಕ್ಕೆ ಪ್ರಾಜೆಕ್ಟಿನ ಲೆಕ್ಕ ಹೊಂದಿಸಿ. ಕೆಹರ್ವಾ 4/4, ದಾದ್ರಾ 6/8, ರೂಪಕ 7/8. ಮೆಟ್ರೊನೋಮಿನ ಟಿಕ್ ಟಿಕ್ ಕಿರಿಕಿರಿ ಮಾಡಿದರೆ ಬೆಂಗಳೂರಿನ ರೇಡೆಲ್ ಕಂಪನಿಯ ತಾಳಮಾಲಾದಂಥ ಪೆಟ್ಟಿಗೆಯನ್ನೋ ತಬಲಾ ಆ್ಯಪನ್ನೋ ಒಂದು ಟ್ರ್ಯಾಕಿಗೆ ಮುದ್ರಿಸಿ ಅದನ್ನೇ ಕೇಳುತ್ತಾ ನುಡಿಸಬಹುದು, ತಂಬೂರಿಯನ್ನು ಇನ್ನೊಂದು ಟ್ರ್ಯಾಕಿಗೆ ಹಾಕಿ. ತಾಳವಿಲ್ಲದ ಆಲಾಪವಿದ್ದರೆ ಅದನ್ನು ಬೇರೆಯಾಗಿ ಮುದ್ರಿಸಿ ಮುಂದೆ ಜೋಡಿಸಿ; ಟಿಕ್ ಟಿಕ್ ಕೇಳುತ್ತಾ ಆಲಾಪ ಮಾಡಲು ಯಾರಿಗೂ ಆಗದು.

ಮೊದಲ ಸುತ್ತಿನಲ್ಲಿ ತಬಲಾವೇ ಪಕ್ಕಾ ಟ್ರ್ಯಾಕ್. ನೀವು ಪಕ್ಕದ ಕೋಣೆಯಲ್ಲಿ, ಬಾಗಿಲ ಕೆಳಗಿನಿಂದ ಕೇಬಲ್ ಹಾಯಿಸಿ, ಹಾರ್ಮೋನಿಯಂ ಜೊತೆ ಹಾಡುತ್ತಿರಿ. ಅದು ದಾರಿ ತೋರಿಸುವ ಟ್ರ್ಯಾಕ್ ಮಾತ್ರ, ಆಮೇಲೆ ಅಳಿಸಿಹಾಕುವಂಥದು. ಹಾಗೆಂದು ಮೈಮರೆತು ಹಾಡಬೇಡಿ. ನೀವು ಹೇಗೆ ಹಾಡುತ್ತೀರೋ ತಬಲಾ ಹಾಗೆ ಬರುತ್ತದೆ. ಬಲಗೈಯ ತಬಲಾಕ್ಕೂ ಡಗ್ಗಾಕ್ಕೂ ಒಂದೊಂದು ಮೈಕ್, ಚರ್ಮದಿಂದ 10ರಿಂದ 12 ಸೆಂಟಿಮೀಟರ್ ಮೇಲೆ, ಅಂಚಿನಿಂದ ಕಣ್ಣಿನ (ಚರ್ಮದ ಮೇಲಿನ ಕಪ್ಪು ವೃತ್ತದ) ಕಡೆಗೆ ಓರೆಯಾಗಿ, ಕೈಗೆ ತಾಗದ ಹಾಗೆ. ಒಂದು ಮೈಕಿಗೂ ಅದರ ವಾದ್ಯಕ್ಕೂ ಇರುವ ದೂರದ ಮೂರು ಪಟ್ಟಾದರೂ ಎರಡು ಮೈಕುಗಳ ನಡುವೆ ಇರಲಿ. ಮುದ್ರಿಸಿದ ಮೇಲೆ ಒಂದು ಟ್ರ್ಯಾಕಿನ ಫೇಸ್ ಗುಂಡಿಯನ್ನು (ದನಿಯ ಅಲೆಯನ್ನು ತಲೆಕೆಳಗು ಮಾಡುವಂಥದು) ಒತ್ತಿ, ಬಿಟ್ಟು ಕೇಳಿ. ಯಾವ ಸ್ಥಿತಿಯಲ್ಲಿ ಡಗ್ಗಾ ತುಂಬಿ ಬರುತ್ತದೋ ಅದೇ ಸರಿ.

ಗೇನ್ ಏರಿಸುವಾಗ ಕೆಂಪಿನ ಹತ್ತಿರ ಹೋಗುವ ಹಳೆಯ ಟೇಪಿನ ಅಭ್ಯಾಸ ಬಿಡಿ. ಟೇಪಿನಲ್ಲಿ ದನಿ ಸಣ್ಣದಾದರೆ ಸುಂಯ್ ಎನ್ನುವುದೇ ದೊಡ್ಡದಾಗುತ್ತಿತ್ತು. 24 ಬಿಟ್ಟಿನಲ್ಲಿ ಆ ಭಯವಿಲ್ಲ. ಅತಿ ಜೋರಿನ ಪೆಟ್ಟು ಮೈನಸ್ 12 ಡೆಸಿಬೆಲ್ ಆಸುಪಾಸಿಗೆ ನಿಲ್ಲಲಿ. ಪರೀಕ್ಷೆಗೆ ನುಡಿಸುವಾಗ ಎಲ್ಲರೂ ಮೆತ್ತಗೆ ನುಡಿಸುತ್ತಾರೆ, ಹಾಡು ಏರಿದಾಗ ಕೈಯೂ ಏರುತ್ತದೆ. ಕೆಂಪಿಗೆ ಬಡಿದು ಒಡೆದ ದನಿಯನ್ನು ಯಾವ ತಂತ್ರಾಂಶವೂ ಪೂರ್ತಿ ಸರಿಪಡಿಸದು.

ಆಮೇಲೆ ಹಾರ್ಮೋನಿಯಂ ಒಂದೇ. ಕಂಡೆನ್ಸರ್ ಮೈಕನ್ನು ಅರ್ಧ ಮೀಟರ್ ಮೇಲೆ, ತಿದಿಯಿಂದ ದೂರ, ಮನೆಗಳ (ಬೆರಳಿಟ್ಟು ಒತ್ತುವ ಪಟ್ಟಿಗಳ) ಕಡೆಗೆ ಬಾಗಿಸಿ. ಹತ್ತಿರ ಇಟ್ಟರೆ ತಿದಿಯ ಉಸಿರೂ ಮನೆಗಳ ಟಕಟಕವೂ ಮುಂದೆ ಬರುತ್ತವೆ. ಮೂರನೆಯದು ದನಿ: ಬಾಯಿಯಿಂದ ಒಂದು ಗೇಣು, ನಡುವೆ ಪಾಪ್ ಫಿಲ್ಟರ್. ಇನ್ನೂ ಹತ್ತಿರ ಹೋದರೆ ಮಂದ್ರ ಉಬ್ಬುತ್ತದೆ, ಅದು ಕಾರ್ಡಿಯಾಯ್ಡ್ ಮೈಕಿನ ಸ್ವಭಾವ. ಕೊಳಲಿಗೆ ಮೈಕನ್ನು ಊದುವ ರಂಧ್ರದ ನೇರಕ್ಕೆ ಇಡದೆ, 30 ಸೆಂಟಿಮೀಟರ್ ದೂರದಲ್ಲಿ, ಊದುವ ರಂಧ್ರಕ್ಕೂ ಮೊದಲ ಬೆರಳಿಗೂ ನಡುವಿನ ಜಾಗಕ್ಕೆ ಮೇಲಿನಿಂದ ಗುರಿಯಿಡಿ. ಕೋರಸ್ಸಿನ ಇಬ್ಬರು ಒಂದೇ ಮೈಕಿನ ಮುಂದೆ ಎರಡು ಸಲ ಹಾಡಿ ಎರಡು ಟ್ರ್ಯಾಕ್ ಮಾಡಿದರೆ ನಾಲ್ವರ ತುಂಬು ಸಿಗುತ್ತದೆ.

ಹಾರ್ಮೋನಿಯಂ ಬಿಟ್ಟು ಬರೀ ನಿಂತು ಹಾಡಿದರೆ ಭಾವವೇ ಬರುವುದಿಲ್ಲ ಎನ್ನುವ ಗಾಯಕರು ಬಹಳ. ನೀವೂ ಹಾಗಿದ್ದರೆ ಹಟ ಮಾಡಬೇಡಿ, ಎರಡನ್ನೂ ಒಟ್ಟಿಗೇ ಮುದ್ರಿಸಿ. ವೇದಿಕೆಯ ಡೈನಮಿಕ್ ಮೈಕನ್ನು ಗಲ್ಲದ ಮಟ್ಟದಲ್ಲಿ, ಬಾಯಿಯತ್ತ ಕೆಳಗಿನಿಂದ ಮೇಲೆ ನೋಡುವಂತೆ ಇಡಿ. ಅದರ ಕಿವುಡಾದ ಹಿಂಬದಿ ಸರಿಯಾಗಿ ಹಾರ್ಮೋನಿಯಂ ಕಡೆಗೆ ಬರುತ್ತದೆ. ಹಾರ್ಮೋನಿಯಂನ ಮೈಕನ್ನೂ ಹಾಗೆಯೇ ಬಾಯಿಗೆ ಬೆನ್ನು ಮಾಡಿ ಇಡಿ. ಪೂರ್ತಿ ಬೇರ್ಪಡುವುದಿಲ್ಲ. ತಪ್ಪಿದ ಒಂದು ಪದವನ್ನು ಮಾತ್ರ ಮತ್ತೆ ಹಾಡಿ ಸೇರಿಸಲು ಆಗದು, ಇಡೀ ಸಾಲನ್ನು ವಾದ್ಯದ ಸಮೇತ ಮತ್ತೆ ತೆಗೆದುಕೊಳ್ಳಬೇಕು. ಒಳ್ಳೆಯ ಹಾಡಿಗೆ ಆ ಬೆಲೆ ಹೆಚ್ಚಲ್ಲ.

ಎರಡನೆಯ ಟ್ರ್ಯಾಕ್ ಮುದ್ರಿಸಿದಾಗ ಅದು ತಬಲಾಕ್ಕಿಂತ ಚೂರು ಹಿಂದೆ ಬಿದ್ದಂತೆ ಅನ್ನಿಸಿದರೆ ವಾದಕರನ್ನು ಬೈಯಬೇಡಿ. ಕೆಲವು ಡ್ರೈವರುಗಳು ತಮ್ಮ ತಡವನ್ನು ತಪ್ಪಾಗಿ ಹೇಳುತ್ತವೆ. ಇಂಟರ್‌ಫೇಸಿನ ಔಟ್‌ಪುಟ್ಟಿನಿಂದ ಇನ್‌ಪುಟ್ಟಿಗೇ ಒಂದು ಕೇಬಲ್ ಹಾಕಿ, ಒಂದು ಟಿಕ್ ಸದ್ದನ್ನು ಹೊರಗೆ ಬಿಟ್ಟು ಇನ್ನೊಂದು ಟ್ರ್ಯಾಕಿಗೆ ಮುದ್ರಿಸಿ, ಎರಡು ಟಿಕ್‌ಗಳ ನಡುವಿನ ಅಂತರವನ್ನು ಸ್ಯಾಂಪಲ್ಲಿನಲ್ಲಿ ಅಳೆಯಿರಿ. ಆ ಸಂಖ್ಯೆಯನ್ನು ರೀಪರಿನ ರೆಕಾರ್ಡಿಂಗ್ ಪ್ರಿಫರೆನ್ಸಿನಲ್ಲಿ ಔಟ್‌ಪುಟ್ ಮ್ಯಾನುಯಲ್ ಆಫ್‌ಸೆಟ್ ಎಂಬಲ್ಲಿ ತುಂಬಿ, ಪರೀಕ್ಷೆ ಮತ್ತೊಮ್ಮೆ ಮಾಡಿ. ಟಿಕ್ ಟಿಕ್ಕಿನ ಮೇಲೆ ಕೂರಬೇಕು.

ಮುಂದಿನ ಖರೀದಿಯ ಕ್ರಮವನ್ನು ನಾನು ಬೆಲೆಯಿಂದ ಹೇಳುವುದಿಲ್ಲ, ದೋಷದಿಂದ ಹೇಳುತ್ತೇನೆ. ಮೂರು ಹಾಡು ಮುಗಿಸಿ, ಪ್ರತಿಯೊಂದನ್ನೂ ಕಾರಿನಲ್ಲಿ, ಮೊಬೈಲಿನಲ್ಲಿ, ಮನೆಯ ಟಿವಿಯಲ್ಲಿ ಕೇಳಿ, ಏನು ಸರಿಯಿಲ್ಲ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೂರೂ ಹಾಡಿನಲ್ಲಿ ಬಂದ ದೋಷಕ್ಕೆ ಮಾತ್ರ ದುಡ್ಡು ಹಾಕಿ.

ದನಿ ಡಬ್ಬದೊಳಗಿಂದ ಬಂದಂತಿದೆ ಎಂದು ಬರೆದಿದ್ದರೆ ಮುಂದಿನ ದುಡ್ಡು ಕೋಣೆಗೆ. ಘನ ಮೀಟರಿಗೆ 48 ಕಿಲೋ ಸಾಂದ್ರತೆಯ, 2 ಇಂಚು ದಪ್ಪದ ರಾಕ್‌ವೂಲ್ ಹಲಗೆಯನ್ನು 4 ಅಡಿಗೆ 2 ಅಡಿಯ ಮರದ ಚೌಕಟ್ಟಿನಲ್ಲಿ ಕೂರಿಸಿ, ಗಾಳಿ ಹಾಯುವ ಹತ್ತಿ ಬಟ್ಟೆ ಸುತ್ತಿ ಸ್ಟೇಪಲ್ ಹೊಡೆದರೆ ಒಂದು ಪ್ಯಾನೆಲ್. ಬಟ್ಟೆಗೆ ಬಾಯಿಯಿಟ್ಟು ಊದಿದಾಗ ಗಾಳಿ ಹಾಯದಿದ್ದರೆ ಅದು ಕೆಲಸಕ್ಕೆ ಬಾರದು. ಗೋಡೆಯಿಂದ 2 ಇಂಚು ಬಿಟ್ಟು ತೂಗುಹಾಕಿ, ಆ ಸಂದಿನಿಂದಾಗಿ ಅದು ಇನ್ನೂ ಕೆಳಗಿನ ದನಿಯನ್ನು ಹಿಡಿಯುತ್ತದೆ. ನಾಲ್ಕು ಸಾಕು. ಕತ್ತರಿಸುವಾಗ ಕೈಗವಸು, ಮಾಸ್ಕ್ ಹಾಕಿಕೊಳ್ಳಿ, ನಾರು ಮೈಗೆ ತಾಗಿದರೆ ಕೆರೆತ.

ಹೆಡ್‌ಫೋನಿನಲ್ಲಿ ಚೆನ್ನಾಗಿ ಕೇಳಿ ಕಾರಿನಲ್ಲಿ ಡಗ್ಗಾ ಮಾತ್ರ ಕೇಳುತ್ತದೆ ಎಂದಿದ್ದರೆ 5 ಇಂಚಿನ ಒಂದು ಜೋಡಿ ಸ್ಟುಡಿಯೊ ಮಾನಿಟರ್, ಅಂದರೆ ಇದ್ದದ್ದನ್ನು ಇದ್ದಂತೆ ಕೇಳಿಸುವ ಸ್ಪೀಕರ್. ಪ್ಯಾನೆಲ್ ಹಾಕುವ ಮುನ್ನ ಇವನ್ನು ಕೊಳ್ಳಬೇಡಿ, ಕೋಣೆ ಸುಳ್ಳು ಹೇಳಿದರೆ ಮಾನಿಟರೂ ಅದನ್ನೇ ಹೇಳುತ್ತದೆ. 12 ಅಡಿ ಉದ್ದದ ಕೋಣೆಯಲ್ಲಿ ಮುಂದಿನ ಗೋಡೆಯಿಂದ ನಾಲ್ಕೂವರೆ ಅಡಿ ಹಿಂದೆ ಕುಳಿತು, ಎರಡು ಮಾನಿಟರ್ ಮತ್ತು ನಿಮ್ಮ ತಲೆ ಸಮಬಾಹು ತ್ರಿಕೋನವಾಗುವಂತೆ, ಟ್ವೀಟರ್ (ತಾರದ ದನಿಯ ಚಿಕ್ಕ ಸ್ಪೀಕರ್) ಕಿವಿಯ ಎತ್ತರಕ್ಕೆ ಬರುವಂತೆ ಇಡಿ.

ಸುಂಯ್ ಸದ್ದು ಹೆಚ್ಚು ಎಂದಿದ್ದರೆ ಪ್ರೀಆಂಪ್ ಬದಲಿಸುವ ಮುನ್ನ ಮೈಕನ್ನು ಅರ್ಧ ದೂರ ಹತ್ತಿರ ತನ್ನಿ. ದೂರ ಅರ್ಧವಾದರೆ ನೇರ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಗೇನನ್ನು ಅಷ್ಟೇ ಇಳಿಸಬಹುದು. 'ಸ', 'ಶ' ಚುಚ್ಚುತ್ತದೆ ಎಂದಿದ್ದರೆ ನಿಮ್ಮ ಕಂಠಕ್ಕೆ ಆ ಕಂಡೆನ್ಸರ್ ಹೊಂದಿಲ್ಲ. ವೇದಿಕೆಯ ಡೈನಮಿಕ್ಕಿನಲ್ಲೇ ಒಮ್ಮೆ ಹಾಡಿ ನೋಡಿ, ಹೆಚ್ಚು ಬೆಲೆಯದೇ ಉತ್ತರವಲ್ಲ. 96 ಕಿಲೋಹರ್ಟ್ಸ್, ಚಿನ್ನದ ಲೇಪದ ಯುಎಸ್‌ಬಿ ಕೇಬಲ್, ದುಬಾರಿ ಪ್ಲಗಿನ್ ಕಟ್ಟು ಇವು ಯಾವ ದೋಷಕ್ಕೂ ಮದ್ದಲ್ಲ.

ಎಲ್ಲರೂ ಒಟ್ಟಿಗೆ ಕೂತು ನುಡಿಸಿದರೇ ಹಾಡಿಗೆ ಜೀವ ಎಂದು ಮೂರು ಸಲ ಬರೆದಿದ್ದರೆ, ಆಗ 8 ಮೈಕಿನ ಇಂಟರ್‌ಫೇಸ್. ಕೊಳ್ಳುವಾಗ ಅದರಲ್ಲಿ ಅಡಾಟ್ ಎಂಬ ಬೆಳಕಿನ ಕೇಬಲಿನ ಕಿಂಡಿ ಇರಲಿ. ವಿಡಿಯೊ ಟೇಪಿನ ಮೇಲೆ 8 ಟ್ರ್ಯಾಕ್ ಡಿಜಿಟಲ್ ಮುದ್ರಿಸುತ್ತಿದ್ದ, 1990ರ ದಶಕದ ಅಲೆಸಿಸ್ ಯಂತ್ರದ ಹೆಸರು ಅದು. ಯಂತ್ರ ಹೋಯಿತು, ಅದರ ಕಿಂಡಿ ಉಳಿಯಿತು. ಬೆಹ್ರಿಂಗರ್ ಎಡಿಎ8200ರಂಥ ಪೆಟ್ಟಿಗೆಯನ್ನು ಅದಕ್ಕೆ ಜೋಡಿಸಿದರೆ 48 ಕಿಲೋಹರ್ಟ್ಸಿನಲ್ಲಿ ಇನ್ನೂ 8 ಮೈಕ್ ಸೇರುತ್ತವೆ. ಎರಡರಲ್ಲಿ ಒಂದೇ ಗಡಿಯಾರದ ಯಜಮಾನನಾಗಿರಬೇಕು. ಎರಡೂ ತಮ್ಮ ತಮ್ಮ ಗಡಿಯಾರದಲ್ಲಿ ಓಡಿದರೆ ಮುದ್ರಣದಲ್ಲಿ ಆಗೊಮ್ಮೆ ಈಗೊಮ್ಮೆ ಟಿಕ್ ಎಂಬ ಚುಕ್ಕೆ ಬೀಳುತ್ತದೆ.

ಕೊನೆಗೆ ಮಾವನ ಕ್ಯಾಸೆಟ್ಟುಗಳು. ಇವುಗಳಿಗಾಗಿಯೂ ನಿಮಗೆ 4 ಇನ್‌ಪುಟ್ಟಿನ ಇಂಟರ್‌ಫೇಸ್ ಹೇಳಿದ್ದು. ಮನೆಯ ಸಾಮಾನ್ಯ ಡೆಕ್ಕಿನಲ್ಲಿ ಅವನ್ನು ಹಾಕಿದರೆ ಒಂದು ಬದಿಯಲ್ಲಿ 2 ಟ್ರ್ಯಾಕ್, ಇನ್ನೊಂದು ಬದಿಯಲ್ಲಿ ಉಳಿದೆರಡು ಉಲ್ಟಾ ಕೇಳುತ್ತವೆ, ಇಮ್ಮಡಿ ವೇಗದಲ್ಲಿ ಮುದ್ರಿಸಿದ್ದರೆ ಒಂದು ಸ್ಥಾಯಿ ಕೆಳಗೂ ಇಳಿದಿರುತ್ತವೆ. ಆ ಯಂತ್ರವೇ ಬೇಕು. ಅದರಲ್ಲಿ ಟೇಪ್ ಔಟ್ ಎಂಬ 4 ಕಿಂಡಿ ಇದ್ದರೆ ನಾಲ್ಕನ್ನೂ ಇಂಟರ್‌ಫೇಸಿನ ಲೈನ್ ಇನ್‌ಪುಟ್ಟಿಗೆ ಜೋಡಿಸಿ ಒಂದೇ ಸಲಕ್ಕೆ ಇಳಿಸಿಕೊಳ್ಳಿ. ಎಡ ಮತ್ತು ಬಲ ಮಾತ್ರ ಇದ್ದರೆ 1ನ್ನು ಎಡಕ್ಕೆ, 2ನ್ನು ಬಲಕ್ಕೆ ತಿರುಗಿಸಿ ಒಮ್ಮೆ, 3 ಮತ್ತು 4ನ್ನು ಇನ್ನೊಮ್ಮೆ ಇಳಿಸಬೇಕು. ಟೇಪಿನ ವೇಗ ಎರಡೂ ಸಲ ಒಂದೇ ಇರುವುದಿಲ್ಲವಾದ್ದರಿಂದ ಪ್ರತಿ ಚರಣದಲ್ಲಿ ಕತ್ತರಿಸಿ ಜೋಡಿಸಬೇಕಾಗುತ್ತದೆ.

ಮೊದಲು ಕ್ಯಾಸೆಟ್ಟಿನ ಕಿಟಕಿಯೊಳಗೆ ಟೇಪಿನ ಅಂಚು ನೋಡಿ. ಬಿಳಿ ಹಿಟ್ಟಿನಂಥ ಬೂಷ್ಟು ಇದ್ದರೆ ಹಾಕಬೇಡಿ, ಅದು ಹೆಡ್ಡಿಗೆ ಮೆತ್ತಿ ಉಳಿದ ಒಂಬತ್ತಕ್ಕೂ ಹರಡುತ್ತದೆ. ಯಂತ್ರದ ಬೆಲ್ಟ್ ಕರಗಿ ಅಂಟಾಗಿದ್ದರೆ ಹೊಸದು ಹಾಕಿಸಿ, ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಬೇಡದ ಯಾವುದೋ ಕ್ಯಾಸೆಟ್ಟನ್ನು ಹಾಕಿ ಟೇಪ್ ನುಂಗುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಮಾವನ ಕ್ಯಾಸೆಟ್ಟುಗಳ ಹಿಂಬದಿಯ ಎರಡೂ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದುಬಿಡಿ, ಕೈತಪ್ಪಿ ರೆಕಾರ್ಡ್ ಒತ್ತಿದರೂ ಅಳಿಸಲಾರದು. ಯಂತ್ರದಲ್ಲಿ ಟೇಪಿನ ಸುಂಯ್ ತಗ್ಗಿಸುವ ಡಿಬಿಎಕ್ಸ್ ಎಂಬ ಸ್ವಿಚ್ ಇದ್ದು, ಅದಿಲ್ಲದೆ ಕೇಳಿದಾಗ ದನಿ ಕೀರಲಾಗಿ ಸುಂಯ್‌ಗುಟ್ಟುತ್ತಾ ಉಬ್ಬಿಳಿದರೆ ಮಾವ ಅದನ್ನು ಹಾಕಿ ಮುದ್ರಿಸಿದ್ದಾರೆಂದು ತಿಳಿಯಿರಿ, ಇಳಿಸುವಾಗಲೂ ಹಾಕಿ. ಇನ್ನು ಪಿಚ್ ಎಂಬ ಗುಂಡಿ: ಅದನ್ನು ಎಲ್ಲಿಟ್ಟು ಮುದ್ರಿಸಿದ್ದರೋ ಈಗ ಯಾರಿಗೂ ನೆನಪಿರುವುದಿಲ್ಲ. ಅವರು ನುಡಿಸಿದ ಹಾರ್ಮೋನಿಯಂ ಮನೆಯಲ್ಲೇ ಇದ್ದು, ನಡುವೆ ರೀಡ್ ಬದಲಿಸಿಲ್ಲವಾದರೆ, ಕ್ಯಾಸೆಟ್ ಓಡುತ್ತಿರುವಾಗ ಅದರ ಷಡ್ಜ ಹಿಡಿದು ಕೂರಿ. ಎರಡು ದನಿಗಳ ನಡುವಿನ ಅಲೆ ನಿಧಾನವಾಗಿ ನಿಲ್ಲುವವರೆಗೆ ಗುಂಡಿ ತಿರುಗಿಸಿ, ಟೇಪನ್ನು ಮೊದಲಿಗೆ ಸುತ್ತಿ, ಆಮೇಲೆ ರೀಪರಿನಲ್ಲಿ ರೆಕಾರ್ಡ್ ಒತ್ತಿ.